ಪದೇ ಪದೇ ತಲೆನೋವು ಬರ್ತಿದ್ರೆ ಮೊದಲು ಮಾತ್ರೆ ನುಂಗಿದ ದಿನಗಳನ್ನ ಎಣಿಸಿ

ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗೋಕೆ ಆಗ್ಲಿಲ್ಲ. ಮೂರು ವರ್ಷದಿಂದ ತಲೆನೋವು, ಈಗ ವಾರಕ್ಕೆ ನಾಲ್ಕು ದಿನ ಬರ್ತಿದೆ, ಕನ್ನಡಕ ಬದಲಾಯಿಸಿದ್ದಾಯ್ತು, ಸೈನಸ್ ಅಂತ ಔಷಧಿ ತಗೊಂಡಿದ್ದಾಯ್ತು, ಮಾತ್ರೆ ನುಂಗಿದ್ರೆ ಸಂಜೆವರೆಗೆ ಆರಾಮ, ಮಾರನೇ ದಿನ ಮತ್ತೆ ಅದೇ, ಎಂಆರ್‌ಐ ಮಾಡಿಸ್ಬೇಕಾ, ಇದಕ್ಕೆ ಶಾಶ್ವತ ಪರಿಹಾರ ಇದೆಯಾ ಅಂತ ಕೇಳಿದ್ದೀರ. ನಾನು ಡಾಕ್ಟರ್ ಅಲ್ಲ, ಹಾಸನದಲ್ಲಿ ಒಂದು ಸೊಸೈಟಿಯಲ್ಲಿ ಲೆಕ್ಕಪತ್ರ ನೋಡ್ಕೊಳ್ತೀನಿ. ಆದ್ರೆ ನೀವು ಈಗ ನಿಂತಿರೋ ಜಾಗದಲ್ಲೇ ನಾನೂ ವರ್ಷಗಟ್ಟಲೆ ನಿಂತಿದ್ದೆ.

ನೀವು ಬರೆದಿರೋದ್ರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಒಂದು ಸಾಲು, "ಮಾತ್ರೆ ತಗೊಂಡ್ರೆ ಹೋಗುತ್ತೆ, ಮತ್ತೆ ಬರುತ್ತೆ" ಅನ್ನೋದು. ತಿಂಗಳಿಗೆ ಎಷ್ಟು ದಿನ ಮಾತ್ರೆ ತಗೋತಿದ್ದೀರ ಅಂತ ಎಲ್ಲೂ ಬರೆದಿಲ್ಲ. ನನ್ನನ್ನೂ ಬಹಳ ವರ್ಷ ಯಾರೂ ಅದನ್ನ ಕೇಳಿರ್ಲಿಲ್ಲ.

ನನಗೆ ಶುರುವಾಗಿದ್ದು ಸೆಕೆಂಡ್ ಪಿಯುಸಿಯಲ್ಲಿ. ತಿಂಗಳಿಗೆ ಒಂದೋ ಎರಡೋ ಸಲ, ಎಡಗಣ್ಣಿನ ಹಿಂದೆ ಯಾರೋ ಒಳಗಿಂದ ಗುದ್ದಿದ ಹಾಗೆ ಪಟ ಪಟ ಅನ್ನೋದು, ಬೆಳಕು ಕಂಡ್ರೆ ಆಗ್ತಿರ್ಲಿಲ್ಲ, ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸೋದು, ಕೊನೆಗೆ ವಾಂತಿ ಆಗಿ ನಿದ್ದೆ ಬಂದ್ರೆ ಎದ್ದಾಗ ಹಗುರ. ಅಮ್ಮ ಪಿತ್ತ ಅಂತಿದ್ರು, ಅಜ್ಜಿ ಅರೆತಲೆನೋವು ಅಂತ ಒಣಶುಂಠಿ ತೇದು ಹಣೆಗೆ ಪಟ್ಟು ಹಾಕಿ ಬಟ್ಟೆ ಬಿಗಿದು ಕತ್ತಲೆ ಕೋಣೆಯಲ್ಲಿ ಮಲಗಿಸ್ತಿದ್ರು. ಅಜ್ಜಿ ಹೇಳಿದ್ದೇ ಸರಿ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಮೈಗ್ರೇನ್ ಅನ್ನೋ ಪದ ಹುಟ್ಟಿದ್ದೂ ಗ್ರೀಕಿನ "ಅರ್ಧ ತಲೆ" ಅನ್ನೋ ಮಾತಿಂದಾನೇ.

ಆಗ ತಿಂಗಳಿಗೆ ಎರಡು ದಿನ ಹಾಳಾಗ್ತಿತ್ತು, ಅಷ್ಟೇ. ಕೆಲಸಕ್ಕೆ ಸೇರಿದ ಮೇಲೆ ಮಲಗೋಕೆ ಕತ್ತಲೆ ಕೋಣೆ ಎಲ್ಲಿಂದ ಬರಬೇಕು. ಮೆಡಿಕಲ್ ಶಾಪಿಗೆ ಹೋಗಿ ತಲೆನೋವಿಗೆ ಒಂದು ಮಾತ್ರೆ ಕೊಡಿ ಅಂದ್ರೆ ಪ್ಯಾರಾಸಿಟಮಾಲ್ ಜೊತೆ ಕೆಫೀನ್ ಸೇರಿರೋದನ್ನ ಕೊಡ್ತಿದ್ರು, ಅರ್ಧ ಗಂಟೆಯಲ್ಲಿ ಬಿಟ್ಟು ಹೋಗ್ತಿತ್ತು, ನನಗೆ ಅದೇ ದೇವರು. ಆಮೇಲಾಮೇಲೆ ನೋವು ಬರೋದಕ್ಕೆ ಮುಂಚೆನೇ, ಮಾರ್ಚ್ ಕೊನೆ ಬಂತು, ಆಡಿಟ್‌ನವರು ಬರ್ತಾರೆ, ಇವತ್ತು ತಲೆನೋವು ಬಂದ್ರೆ ಕಷ್ಟ ಅಂತ ಮುನ್ನೆಚ್ಚರಿಕೆಗೆ ಒಂದು ನುಂಗೋದು. ಡ್ರಾಯರಲ್ಲಿ ಒಂದು ಸ್ಟ್ರಿಪ್, ಹ್ಯಾಂಡ್‌ಬ್ಯಾಗಲ್ಲಿ ಒಂದು, ಅಡುಗೆಮನೆಯ ಸಾಸಿವೆ ಡಬ್ಬಿ ಪಕ್ಕ ಒಂದು. ತಲೆನೋವಿನ ರೂಪಾನೂ ಬದಲಾಯ್ತು, ಪಟ ಪಟ ಅನ್ನೋದು ಕಮ್ಮಿಯಾಗಿ ಇಡೀ ತಲೆಗೆ ಯಾರೋ ಟೋಪಿ ಬಿಗಿದ ಹಾಗೆ, ಬೆಳಗಿನ ಜಾವ ಐದು ಗಂಟೆಗೆ ನೋವೇ ಎಬ್ಬಿಸ್ತಿತ್ತು, ಕಾಫಿಗೆ ನೀರಿಡೋ ಮೊದಲು ಮಾತ್ರೆಗೆ ಕೈ ಹೋಗ್ತಿತ್ತು.

ಐದು ವರ್ಷದ ಹಿಂದೆ ಒಬ್ಬ ಡಾಕ್ಟರ್ ಕೇಳಿದ್ರು, ವಾರಕ್ಕೆ ಎಷ್ಟು ಮಾತ್ರೆ ಅಂತ. ಬೇಕಾದಾಗ ಮಾತ್ರ ಸಾರ್ ಅಂದೆ. ಒಂದು ತಿಂಗಳು ಬರೆದಿಟ್ಟು ತಗೊಂಬನ್ನಿ ಅಂದ್ರು. ನಮ್ಮ ಅಡುಗೆಮನೆ ಬಾಗಿಲ ಹಿಂದೆ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಇದೆ, ಹಾಲು ಜಾಸ್ತಿ ತಗೊಂಡ ದಿನ "1 ಲೀ" ಅಂತ ಬರೆದಿರ್ತೀನಿ, ಅದರ ಕೆಳಗೇ ನೋವು ಬಂದ ದಿನ ಕೆಂಪು ಚುಕ್ಕೆ, ಮಾತ್ರೆ ನುಂಗಿದ ದಿನ "ಮಾ" ಅಂತ ಬರೀತಾ ಹೋದೆ. ತಿಂಗಳ ಕೊನೆಗೆ ಹಾಲಿನವನ ದುಡ್ಡು ಲೆಕ್ಕ ಹಾಕೋವಾಗ ಇದನ್ನೂ ಕೂಡಿದೆ. ಕೆಂಪು ಚುಕ್ಕೆ 22, "ಮಾ" 19. ದಿನಾ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕೋಳು ನಾನು, ಈ ಹಾಳೆ ಮುಂದೆ ಸ್ಟೂಲ್ ಮೇಲೆ ಕೂತು ಎರಡೆರಡು ಸಲ ಎಣಿಸಿದೆ.

ಇದಕ್ಕೆ ಹೆಸರೇ ಇದೆ, ಮೆಡಿಕೇಶನ್ ಓವರ್‌ಯೂಸ್ ಹೆಡೇಕ್ ಅಂತಾರೆ, ಅಂದ್ರೆ ನೋವಿನ ಮಾತ್ರೆ ಅತಿಯಾಗಿ ಬರೋ ತಲೆನೋವು. ತಲೆನೋವಿನ ತಜ್ಞರು ಇಟ್ಟುಕೊಂಡಿರೋ ಅಳತೆ ಹೀಗೆ: ತಿಂಗಳಲ್ಲಿ 15 ದಿನ ಅಥವಾ ಜಾಸ್ತಿ ತಲೆನೋವು ಇರ್ಬೇಕು, ಜೊತೆಗೆ ಬರೀ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಥರದ್ದಾದ್ರೆ ತಿಂಗಳಿಗೆ 15 ದಿನ, ಎರಡು ಮೂರು ಔಷಧಿ ಸೇರಿಸಿದ ಮಾತ್ರೆ, ಮೈಗ್ರೇನಿಗಂತಲೇ ಕೊಡೋ ಟ್ರಿಪ್ಟಾನ್, ಎರ್ಗೋಟಮೈನ್ ಅಥವಾ ಟ್ರಮಡಾಲ್, ಕೊಡೀನ್ ಥರದ ಓಪಿಯಾಯ್ಡ್ ಗುಂಪಿನ ನೋವಿನ ಮಾತ್ರೆ ಆದ್ರೆ 10 ದಿನವೇ ಸಾಕು, ಹೀಗೆ ಮೂರು ತಿಂಗಳಿಗಿಂತ ಹೆಚ್ಚು ನಡೆದಿದ್ರೆ ಮಾತ್ರೆ ಮೇಲೇ ಅನುಮಾನ ಪಡಬೇಕು. ಒಂದು ದಿನಕ್ಕೆ ಎಷ್ಟು ಮಾತ್ರೆ ಅನ್ನೋದಲ್ಲ, ಎಷ್ಟು ದಿನ ತಗೊಂಡ್ರಿ ಅನ್ನೋದೇ ಇಲ್ಲಿ ಲೆಕ್ಕ. ಮೊದಲಿಂದ ಮೈಗ್ರೇನೋ ಟೆನ್ಷನ್ ತಲೆನೋವೋ ಇರೋರಿಗೇ ಇದು ಹೆಚ್ಚಾಗಿ ಆಗೋದು. ಮಿದುಳಿಗೆ ಸ್ವತಃ ನೋವು ಗೊತ್ತಾಗಲ್ಲ ಅಂತೆ, ಅದರ ಸುತ್ತ ಇರೋ ಪೊರೆ, ರಕ್ತನಾಳಗಳಿಂದ ನೋವಿನ ಸುದ್ದಿ ಒಯ್ಯೋದು ಮುಖಕ್ಕೂ ಬರೋ ಟ್ರೈಜೆಮಿನಲ್ ಅನ್ನೋ ನರ. ಪದೇ ಪದೇ ಮಾತ್ರೆ ಬೀಳ್ತಾ ಇದ್ರೆ ಈ ನೋವಿನ ವ್ಯವಸ್ಥೆ ಇನ್ನೂ ಸೂಕ್ಷ್ಮ ಆಗಿ, ಸಣ್ಣದಕ್ಕೆಲ್ಲ ಕೂಗೋಕೆ ಶುರು ಮಾಡುತ್ತೆ, ಮಾತ್ರೆಯ ಪ್ರಭಾವ ಇಳೀತಿದ್ದ ಹಾಗೆ ನೋವು ಏಳುತ್ತೆ, ನೋವು ಎದ್ದಿದ್ದಕ್ಕೆ ಇನ್ನೊಂದು ಮಾತ್ರೆ.

ಆ ಮಾತ್ರೆ ಬಿಡೋದು ಸುಲಭ ಇರ್ಲಿಲ್ಲ, ಅದನ್ನ ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಲ್ಲ. ಮೊದಲ ವಾರ ಹತ್ತು ದಿನ ಕೆಟ್ಟದಾಗಿರುತ್ತೆ ಅಂತ ಡಾಕ್ಟರ್ ಮೊದಲೇ ಹೇಳಿದ್ರು, ರಜೆ ಹಾಕಿದ್ದೆ. ಮೂರನೇ ದಿನ ವಾಂತಿ, ಕೈ ನಡುಕ, ನಿದ್ದೆ ಇಲ್ಲ, ಮಗಳು ಬಕೆಟ್ ಹಿಡ್ಕೊಂಡು ಪಕ್ಕದಲ್ಲಿ ಕೂತಿದ್ಲು. ಒಂಬತ್ತನೇ ದಿನ ಬೆಳಿಗ್ಗೆ ಐದಕ್ಕೆ ಎಚ್ಚರ ಆಯ್ತು, ತಲೆ ಮುಟ್ಟಿ ನೋಡ್ಕೊಂಡೆ, ನೋವಿರ್ಲಿಲ್ಲ, ಹಾಗೇ ಮಲಗಿ ಫ್ಯಾನ್ ತಿರುಗೋ ಸದ್ದು ಕೇಳ್ತಾ ಅತ್ತುಬಿಟ್ಟೆ. ನೀವು ತಗೋತಿರೋದ್ರಲ್ಲಿ ಟ್ರಮಡಾಲ್, ಕೊಡೀನ್ ಥರದ್ದು ಇದ್ರೆ, ಅಥವಾ ನಿದ್ದೆ ಮಾತ್ರೆ ಅಭ್ಯಾಸ ಇದ್ರೆ ದಯವಿಟ್ಟು ನೀವಾಗೇ ಒಂದೇ ಸಲ ನಿಲ್ಲಿಸ್ಬೇಡಿ, ಅದನ್ನ ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಕಮ್ಮಿ ಮಾಡಬೇಕು.

ಜೊತೆಗೆ ನೋವು ಬರದ ಹಾಗೆ ದಿನಾ ತಗೊಳ್ಳೋ ಔಷಧಿ ಕೊಟ್ರು. ಇದೂ ಅದೂ ಬೇರೆ, ಇದು ಬಂದ ನೋವನ್ನ ತೆಗೆಯಲ್ಲ, ಬರೋದನ್ನ ಕಮ್ಮಿ ಮಾಡುತ್ತೆ. ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್, ಫ್ಲುನರಿಜಿನ್, ಟೊಪಿರಮೇಟ್ ಅಂತೆಲ್ಲ ಇದೆ, ಯಾರಿಗೆ ಯಾವುದು ಅನ್ನೋದು ಅವರವರ ಮೈಗೆ ಬಿಟ್ಟಿದ್ದು, ಆಸ್ತಮಾ ಇರೋರಿಗೆ ಪ್ರೊಪ್ರನಲಾಲ್ ಆಗಲ್ಲ, ಗರ್ಭಿಣಿಯರಿಗೆ ಟೊಪಿರಮೇಟ್ ಆಗಲ್ಲ, ಅದಕ್ಕೇ ಪಕ್ಕದ ಮನೆಯವರಿಗೆ ಬರೆದ ಚೀಟಿ ತೋರಿಸಿ ತಗೋಬಾರದು. ನನಗೆ ಕೊಟ್ಟಿದ್ದು ಅಮಿಟ್ರಿಪ್ಟಿಲಿನ್ 10 ಎಂಜಿ, ರಾತ್ರಿ ಒಂದು. ಯಾರೋ ಮೊಬೈಲಲ್ಲಿ ನೋಡಿ ಇದು ಖಿನ್ನತೆ ಮಾತ್ರೆ ಅಂತ ನಮ್ಮ ಅತ್ತೆಗೆ ಹೇಳಿ ಮನೆಯಲ್ಲಿ ದೊಡ್ಡ ಗಲಾಟೆ. ಖಿನ್ನತೆಗೆ ಕೊಡೋದು ಇದಕ್ಕಿಂತ ಬಹಳ ಜಾಸ್ತಿ ಡೋಸ್, ಇಷ್ಟು ಕಮ್ಮಿಯಲ್ಲಿ ಅದು ನೋವಿನ ನರಗಳಿಗೆ ಅಂತ ಡಾಕ್ಟರೇ ಅತ್ತೆಗೆ ಕೂರಿಸಿ ಹೇಳಿದ್ರು. ಬಾಯಿ ಒಣಗ್ತಿತ್ತು, ಬೆಳಿಗ್ಗೆ ಸ್ವಲ್ಪ ಮಂಪರು, ಅಷ್ಟು ಬಿಟ್ರೆ ಏನಿಲ್ಲ. ಆದ್ರೆ ಕೆಲಸ ಮಾಡೋಕೆ ಎರಡು ಮೂರು ತಿಂಗಳು ಬೇಕು, ಹದಿನೈದು ದಿನ ನೋಡಿ ಉಪಯೋಗ ಇಲ್ಲ ಅಂತ ಬಿಟ್ಟುಬಿಡೋರೇ ಜಾಸ್ತಿ.

ಸೈನಸ್ ಅಂತ ಹೇಳಿದ್ರಲ್ಲ, ಮೂಗಿಂದ ಹಳದಿ ಹಸಿರು ಸಿಂಬಳ, ಜ್ವರ ಏನೂ ಇಲ್ಲದೆ ವರ್ಷಗಟ್ಟಲೆ ಬಂದು ಹೋಗೋ ನೋವು ಬಹಳ ಸಲ ಮೈಗ್ರೇನೇ ಆಗಿರುತ್ತೆ, ಮೈಗ್ರೇನಲ್ಲೂ ಮೂಗು ಕಟ್ಟುತ್ತೆ, ಕಣ್ಣಲ್ಲಿ ನೀರು ಬರುತ್ತೆ, ಕತ್ತೂ ಹಿಡಿಯುತ್ತೆ. ಗುರುತು ಹಿಡಿಯೋದು ಹೀಗೆ: ಔಷಧಿ ತಗೊಳ್ದೆ ಬಿಟ್ರೆ 4 ಗಂಟೆಯಿಂದ 3 ದಿನ ಇರುತ್ತೆ, ಹೆಚ್ಚಾಗಿ ಒಂದೇ ಪಕ್ಕ, ಮೆಟ್ಟಿಲು ಹತ್ತಿದ್ರೆ ಜಾಸ್ತಿ ಆಗುತ್ತೆ, ಬೆಳಕು ಸದ್ದು ಸಹಿಸೋಕಾಗಲ್ಲ, ಹೊಟ್ಟೆ ತೊಳಸುತ್ತೆ. ಎರಡೂ ಪಕ್ಕ ಪಟ್ಟಿ ಬಿಗಿದ ಹಾಗಿದ್ದು ಕೆಲಸ ಮಾಡ್ಕೊಂಡು ಓಡಾಡೋಕೆ ಆಗ್ತಿದ್ರೆ ಅದು ಟೆನ್ಷನ್ ತಲೆನೋವು. ನಿಮ್ಹಾನ್ಸ್‌ನವರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಮಾಡಿ 2015ರಲ್ಲಿ ಪ್ರಕಟಿಸಿದ ಸರ್ವೆಯಲ್ಲಿ ದೊಡ್ಡೋರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ವರ್ಷದಲ್ಲಿ ಮೈಗ್ರೇನ್ ಬಂದಿತ್ತು, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಇಷ್ಟು ಜನಕ್ಕಿದ್ರೂ ಅದಕ್ಕೆ ಸರಿಯಾದ ಹೆಸರು ಹೇಳಿಸ್ಕೊಳ್ಳೋಕೆ ವರ್ಷಗಟ್ಟಲೆ ಹಿಡಿಯುತ್ತೆ ಅನ್ನೋದೇ ನನಗೆ ತುಂಬಾ ಬೇಜಾರು.

ಏನು ತಿಂದ್ರೆ ಬರುತ್ತೆ ಅಂತ ಎಲ್ಲರೂ ಕೇಳ್ತಾರೆ. ನಾನೂ ಆರು ತಿಂಗಳು ಅವರೆಕಾಳು, ಬದನೆಕಾಯಿ, ಮೊಸರು, ಕಡಲೆಕಾಯಿ ಎಲ್ಲ ಬಿಟ್ಟು ನೋಡಿದೆ, ಒಂದು ಚುಕ್ಕೆನೂ ಕಮ್ಮಿ ಆಗ್ಲಿಲ್ಲ. ಕ್ಯಾಲೆಂಡರ್ ತೋರಿಸಿಕೊಟ್ಟಿದ್ದು ಬೇರೆ, ತಿಂದಿದ್ದಕ್ಕಿಂತ ತಿನ್ನದೇ ಇದ್ದಿದ್ದು. ಸಂಕಷ್ಟಿ ದಿನ ಚಂದ್ರ ಕಾಣೋವರೆಗೆ ಉಪವಾಸ ಇದ್ದಾಗೆಲ್ಲ ಚುಕ್ಕೆ ಇತ್ತು, ಈಗ ಹಣ್ಣು ಹಾಲು ತಗೊಂಡೇ ವ್ರತ ಮಾಡ್ತೀನಿ. ಭಾನುವಾರ ಎರಡು ಗಂಟೆ ಲೇಟಾಗಿ ಏಳೋದು, ಕಾಫಿ ತಪ್ಪೋದು, ಮುಟ್ಟಿನ ಹಿಂದಿನ ಎರಡು ದಿನ, ಇವೆಲ್ಲ ಇದ್ವು. ಇನ್ನೊಂದು ತಲೆಸ್ನಾನ, ಉದ್ದ ಕೂದಲು ಒದ್ದೆ ಇದ್ದ ಹಾಗೇ ಗಂಟು ಕಟ್ಟಿ ಬಸ್ಸಿಗೆ ಓಡೋದು. ಇದು ನನ್ನ ಭ್ರಮೆ ಅಂದ್ಕೊಂಡಿದ್ದೆ, ಆಮೇಲೆ ನೋಡಿದ್ರೆ ತಲೆಸ್ನಾನದಿಂದ ಮೈಗ್ರೇನ್ ಬರೋ 94 ಜನ ಭಾರತೀಯ ರೋಗಿಗಳ ಬಗ್ಗೆ 2006ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಈಗ ಶನಿವಾರ ಮಧ್ಯಾಹ್ನ ಮಾತ್ರ ತಲೆಗೆ ನೀರು ಹಾಕ್ಕೊಳ್ಳೋದು, ಪೂರ್ತಿ ಒಣಗಿಸ್ಕೊಂಡೇ ಏಳೋದು. ಒಂದು ಮಾತು ಮಾತ್ರ ನೆನಪಿಡಿ, ನೋವು ಬರೋ ಹಿಂದಿನ ದಿನವೇ ಕೆಲವರಿಗೆ ಆಕಳಿಕೆ, ಸಿಹಿ ತಿನ್ಬೇಕು ಅನ್ನೋ ಆಸೆ, ಸಿಡುಕು ಶುರು ಆಗುತ್ತೆ, ಅದು ಮೈಗ್ರೇನಿನ ಮೊದಲ ಹಂತವೇ, ಆಗ ತಿಂದ ಮೈಸೂರ್ ಪಾಕಿನ ಮೇಲೆ ತಪ್ಪು ಹೊರಿಸ್ತೀವಿ.

ಎಂಆರ್‌ಐ ವಿಷಯ. ಡಾಕ್ಟರ್ ನಿಮ್ಮನ್ನ ಪರೀಕ್ಷೆ ಮಾಡಿ ನರಗಳೆಲ್ಲ ಸರಿ ಇದೆ, ನೋವು ಹಳೇ ಥರವೇ ಇದೆ ಅಂದ್ರೆ ಸಾಮಾನ್ಯವಾಗಿ ಬೇಕಾಗಲ್ಲ, ಮೈಗ್ರೇನ್ ಸ್ಕ್ಯಾನಲ್ಲಿ ಕಾಣಲ್ಲ. ಆದ್ರೆ ಈ ಕೆಳಗಿನ ಯಾವುದಾದ್ರೂ ಇದ್ರೆ ನನ್ನ ಉತ್ತರ ಓದ್ತಾ ಕೂರ್ಬೇಡಿ, ಆಸ್ಪತ್ರೆಗೆ ಹೋಗಿ: ಸಿಡಿಲು ಹೊಡೆದ ಹಾಗೆ ಒಂದೇ ನಿಮಿಷದಲ್ಲಿ ತಲೆನೋವು ತಾರಕಕ್ಕೆ ಹೋಗೋದು, ಜ್ವರದ ಜೊತೆ ಕತ್ತು ಬಗ್ಗಿಸೋಕಾಗದೇ ಇರೋದು, ಕೈಕಾಲು ಸೋಲೋದು, ಮಾತು ತೊದಲೋದು, ಫಿಟ್ಸ್, ತಲೆಗೆ ಪೆಟ್ಟು ಬಿದ್ದ ಮೇಲೆ ಬಂದ ನೋವು, ಕಣ್ಣು ಮಂಜಾಗೋದು. 50 ದಾಟಿದ ಮೇಲೆ ಹೊಸದಾಗಿ ಶುರುವಾದ್ರೆ, ಕೆಮ್ಮಿದಾಗ ಮುಕ್ಕಿದಾಗ ನೋವು ಏರಿದ್ರೆ, ಗರ್ಭಿಣಿ ಅಥವಾ ಬಾಣಂತಿ ಆಗಿದ್ರೆ ಆಗ್ಲೂ ತಡ ಮಾಡ್ಬೇಡಿ. ನೋವಿಗೆ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಗೆರೆ ಮಿಂಚೋ ಥರದ ಮೈಗ್ರೇನ್ ಇದ್ದು, ಈಸ್ಟ್ರೋಜನ್ ಇರೋ ಗರ್ಭನಿರೋಧಕ ಮಾತ್ರೆ ತಗೋತಿದ್ರೆ ಅದನ್ನ ಡಾಕ್ಟರಿಗೆ ತಪ್ಪದೇ ಹೇಳಿ, ಎರಡೂ ಸೇರಿದ್ರೆ ಸ್ಟ್ರೋಕ್ ಅಪಾಯ ಏರುತ್ತೆ.

ಶಾಶ್ವತ ಪರಿಹಾರ ಅಂದ್ರೆ, ಬೇರು ಸಮೇತ ಕಿತ್ತು ಹಾಕ್ತೀವಿ ಅನ್ನೋರ ಮಾತು ನಂಬಬೇಡಿ, ಮೈಗ್ರೇನ್ ಬರೋ ಗುಣ ಬಹಳಷ್ಟು ಸಲ ಮನೆತನದಲ್ಲೇ ಇರುತ್ತೆ, ನನಗೆ ಅಮ್ಮನಿಂದ ಬಂತು. ಆದ್ರೆ 22 ಚುಕ್ಕೆ ಎರಡು ತಿಂಗಳಲ್ಲಿ 9 ಆಯ್ತು, ವರ್ಷದ ಹೊತ್ತಿಗೆ 3. ದಿನದ ಮಾತ್ರೆಯನ್ನ ಒಂದೂಕಾಲು ವರ್ಷಕ್ಕೆ ಡಾಕ್ಟರೇ ನಿಧಾನಕ್ಕೆ ನಿಲ್ಲಿಸಿದ್ರು. ಈಗ್ಲೂ ತಿಂಗಳಿಗೆ ಎರಡು ಮೂರು ಸಲ ಬರುತ್ತೆ, ಬಂದಾಗ ಶುರುವಿನಲ್ಲೇ ಅವರು ಬರೆದುಕೊಟ್ಟ ಮಾತ್ರೆ ತಗೊಂಡು ಮಲಗ್ತೀನಿ, ಆದ್ರೆ ವಾರದಲ್ಲಿ ಎರಡು ದಿನ ದಾಟಲ್ಲ, ದಾಟೋ ಹಾಗಿದ್ರೆ ಫೋನ್ ಮಾಡ್ತೀನಿ.

ನೀವು ದೊಡ್ಡ ಆಸ್ಪತ್ರೆಗೇ ಹೋಗ್ಬೇಕು ಅಂತಿಲ್ಲ, ನಿಮ್ಮೂರಿನ ಎಂಡಿ ಮೆಡಿಸಿನ್ ಡಾಕ್ಟರ್ ಸಾಕು, ಜಿಲ್ಲಾಸ್ಪತ್ರೆಯಲ್ಲೂ ಇರ್ತಾರೆ. ಹೋಗೋವಾಗ ಹಳೇ ಸ್ಕ್ಯಾನು, ಕನ್ನಡಕದ ಚೀಟಿಗಿಂತ ಮುಖ್ಯವಾಗಿ ಎರಡು ವಸ್ತು ತಗೊಂಡ್ಹೋಗಿ: ಈಗ ನುಂಗ್ತಿರೋ ಮಾತ್ರೆಯ ಖಾಲಿ ಸ್ಟ್ರಿಪ್, ಹೆಸರು ಓದೋಕೆ ಬರೋ ಹಾಗಿರ್ಲಿ, ಇನ್ನೊಂದು ಚುಕ್ಕೆ ಹಾಕಿದ ಕ್ಯಾಲೆಂಡರ್ ಹಾಳೆ. ತಿಂಗಳು ಪೂರ್ತಿ ಆಗ್ಲಿ ಅಂತ ಕಾಯಬೇಡಿ, ಇವತ್ತು ರಾತ್ರಿಯಿಂದಲೇ ಬರೆಯೋಕೆ ಶುರು ಮಾಡಿ, ಹಿಂದಿನ ವಾರದ್ದು ನೆನಪಿದ್ದಷ್ಟು ಈಗಲೇ ತುಂಬಿ, ಎಷ್ಟು ಆಯ್ತು ಅಂತ ಇಲ್ಲೇ ಕೆಳಗೆ ಹೇಳಿ, ನಾನು ನೋಡ್ತಿರ್ತೀನಿ.