ಮರಳಿ ಬಂದದ್ದು ಹೆಸರೋ, ಗಾಡಿಯೋ? ಚಾಲೆಂಜರ್ ಕುರಿತು ಓದುಗರ ಪ್ರಶ್ನೆಗಳು

ಅಮೆರಿಕದ ಡಾಡ್ಜ್ ಕಂಪನಿಯ ಚಾಲೆಂಜರ್ ಕಾರಿನ ತಯಾರಿಕೆ 2023ರ ಡಿಸೆಂಬರ್‌ನಲ್ಲಿ ನಿಂತದ್ದನ್ನು ಕಳೆದ ಸಂಚಿಕೆಯಲ್ಲಿ ಪ್ರಸ್ತಾಪಿಸಿದ್ದೆ. 34 ವರ್ಷಗಳ ನಂತರ ಮರಳಿ ಬಂದಿದ್ದ ಆ ಕಾರು ತನ್ನ ಮೂಲಕ್ಕೆ ನಿಷ್ಠವಾಗಿತ್ತು ಎಂದೂ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲನ್ನೇ ಹಿಡಿದು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಪತ್ರಗಳು ಬಂದಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: 1970ರ ಚಾಲೆಂಜರ್ ಬೇರೆ, 2008ರದ್ದು ಬೇರೆ, ಕಂಪನಿಯವರು ಹಳೆಯ ಹೆಸರನ್ನು ಹೊಸ ಡಬ್ಬಿಗೆ ಅಂಟಿಸಿದ್ದಾರೆ ಅಷ್ಟೆ ಎಂದು ನನ್ನ ಸೋದರಮಾವ ವಾದಿಸುತ್ತಾರೆ. ತಾವು ಅದನ್ನು ‘ಮರಳಿ ಬಂದ ಕಾರು’ ಎಂದದ್ದು ಯಾವ ಆಧಾರದ ಮೇಲೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ನಿಮ್ಮ ಸೋದರಮಾವನವರ ಅನುಮಾನಕ್ಕೆ ಕಾರಣವಿದೆ, ಏಕೆಂದರೆ ಅವರು ಹೇಳುವಂಥದ್ದು ಇದೇ ಕಾರಿನ ವಿಷಯದಲ್ಲಿ ಒಮ್ಮೆ ನಿಜಕ್ಕೂ ನಡೆದಿದೆ. 1974ರಲ್ಲಿ ಮೊದಲ ಚಾಲೆಂಜರ್ ನಿಂತುಹೋದ ಮೇಲೆ, 1978ರಲ್ಲಿ ಡಾಡ್ಜ್ ಕಂಪನಿಯು ಜಪಾನಿನ ಮಿತ್ಸುಬಿಷಿ ತಯಾರಿಸಿದ, ನಾಲ್ಕೇ ಸಿಲಿಂಡರಿನ ಒಂದು ಸಣ್ಣ ಕಾರಿಗೆ ಅದೇ ಹೆಸರನ್ನಿಟ್ಟು 1983ರವರೆಗೆ ಮಾರಿತು. ಕಾರು ಕೆಟ್ಟದ್ದೇನಲ್ಲ, ಆದರೆ ಹೆಸರೊಂದನ್ನು ಬಿಟ್ಟರೆ ಮೊದಲಿನ ಗಾಡಿಗೂ ಅದಕ್ಕೂ ಯಾವ ನಂಟೂ ಇರಲಿಲ್ಲ. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಅಮೆರಿಕದ್ದೇ ಆದ ಪಾಂಟಿಯಾಕ್ ಕಂಪನಿಯ ಜಿಟಿಒ ಕಾರು. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ 6.4 ಲೀಟರ್ ವಿ8 (ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಹೀಗೆ ಎಂಟು ಸಿಲಿಂಡರಿನ) ಎಂಜಿನ್ ಕೂರಿಸಿ, ಸಾಮಾನ್ಯ ಸಂಬಳದ ಹುಡುಗರೂ ಕೊಳ್ಳಬಹುದಾದ ಬೆಲೆಗೆ 1964ರಲ್ಲಿ ಬಂದ ಜಿಟಿಒದಿಂದಲೇ ಮಸಲ್ ಕಾರುಗಳ ಕಾಲ ಶುರುವಾಯಿತೆಂದು ಬಹಳ ಜನ ಒಪ್ಪುತ್ತಾರೆ. ಅದು 2004ರಲ್ಲಿ ಮರಳಿ ಬಂದಾಗ 350 ಎಚ್‌ಪಿಯ ಒಳ್ಳೆಯ ವಿ8 ಎಂಜಿನ್ ಇತ್ತು, ಓಟವೂ ಚೆನ್ನಾಗಿತ್ತು. ಆದರೆ ಮೈಕಟ್ಟು ಆಸ್ಟ್ರೇಲಿಯಾದ ಹೋಲ್ಡನ್ ಕಂಪನಿಯ ಮೊನಾರೊ ಕಾರಿನದ್ದಾಗಿತ್ತು, ನೋಡಿದವರಿಗೆ ಹಳೆಯ ಜಿಟಿಒ ನೆನಪಾಗಲಿಲ್ಲ. 2006ಕ್ಕೇ ಅದು ಮುಗಿಯಿತು. ಹೀಗಾಗಿ ಹೆಸರಷ್ಟೇ ಬಂದರೂ ಸಾಲದು, ಎಂಜಿನ್ ಬಂದು ರೂಪ ಬಾರದಿದ್ದರೂ ಸಾಲದು ಎಂಬುದು ನನ್ನ ನಿಲುವು.

2008ರ ಚಾಲೆಂಜರ್‌ನಲ್ಲಿ ಮೂರೂ ಕೂಡಿ ಬಂದವು. 2006ರ ಜನವರಿಯಲ್ಲಿ ಡೆಟ್ರಾಯಿಟ್ ಮೋಟಾರು ಪ್ರದರ್ಶನದಲ್ಲಿ ಅದರ ಮಾದರಿಯನ್ನು ಇಟ್ಟಾಗ ಜನ ಮೊದಲು ಗುರುತಿಸಿದ್ದು ಮುಖವನ್ನು. ಒಳಕ್ಕೆ ಸರಿದಂತಿರುವ ಕಪ್ಪು ಗ್ರಿಲ್ಲು, ಅದರೊಳಗೆ ಎಡಕ್ಕೆರಡು ಬಲಕ್ಕೆರಡು ದುಂಡನೆಯ ದೀಪಗಳು, ಉದ್ದನೆಯ ಬಾನೆಟ್ಟು, ಗಿಡ್ಡನೆಯ ಡಿಕ್ಕಿ, ಹಿಂದಿನ ಚಕ್ರದ ಮೇಲೆ ಸೊಂಟ ಎತ್ತಿದಂತೆ ಏರುವ ಗೆರೆ, ಇವೆಲ್ಲ 1970ರ ಕಾರಿನಲ್ಲಿದ್ದ ಜಾಗಗಳಲ್ಲೇ ಇದ್ದವು. ಎಂಜಿನ್ 6.1 ಲೀಟರಿನ ಹೆಮಿ ವಿ8, ಶಕ್ತಿ 425 ಎಚ್‌ಪಿ. ಬಲ ಮೊದಲಿನಂತೆಯೇ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು.

ಆದರೂ ಎರಡೂ ಒಂದೇ ಗಾಡಿ ಎಂದು ನಾನು ಹೇಳಲಾರೆ. 2008ರ ಕಾರನ್ನು ಅದೇ ಕಂಪನಿಯ ನಾಲ್ಕು ಬಾಗಿಲಿನ ಚಾರ್ಜರ್ ಕಾರಿನ ತಳವನ್ನು ನಾಲ್ಕು ಇಂಚು ಗಿಡ್ಡ ಮಾಡಿ ಕಟ್ಟಲಾಗಿತ್ತು. ಹಾಗಿದ್ದೂ ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ 116 ಇಂಚು, ಹಳೆಯದರಲ್ಲಿ ಅದು 110 ಇಂಚಾಗಿತ್ತು. ತೂಕ 1,880 ಕಿಲೋಗೆ ಹತ್ತಿರ. ಪಕ್ಕದಿಂದ ಪೆಟ್ಟು ಬಿದ್ದರೆ ಒಳಗಿನವರು ಉಳಿಯಬೇಕೆಂಬ ಈಗಿನ ಸುರಕ್ಷತಾ ನಿಯಮಗಳ ಕಾರಣ ಬಾಗಿಲುಗಳು ಎತ್ತರವಾಗಿ ಕಿಟಕಿಗಳು ಕಿರಿದಾದವು. ಆ ಎತ್ತರದ ಮೈ ಬೋಳಾಗಿ ಕಾಣದಿರಲು 20 ಇಂಚಿನ ದೊಡ್ಡ ಚಕ್ರಗಳನ್ನು ಹಾಕಬೇಕಾಯಿತು. ಅಜ್ಜನ ಮುಖಚಹರೆ ಮೊಮ್ಮಗನಲ್ಲಿ ಕಂಡಂತೆ, ಕಣ್ಣು ಮೂಗು ಅವೇ ಆದರೂ ಆಳು ಮಾತ್ರ ಅಜ್ಜನಿಗಿಂತ ಎತ್ತರ, ದಪ್ಪ. ಇಷ್ಟು ವ್ಯತ್ಯಾಸವನ್ನು ಒಪ್ಪಿಕೊಂಡೇ ನಾನು ಅದನ್ನು ‘ಮರಳಿ ಬಂದದ್ದು’ ಎಂದು ಕರೆದಿದ್ದೇನೆ.

ಪ್ರಶ್ನೆ: ‘ಹೆಮಿ’ ಎಂದರೆ ಏನು? ಅದೊಂದು ಎಂಜಿನ್ನಿನ ಹೆಸರೋ, ಕಂಪನಿಯ ಹೆಸರೋ? ಆ ಗಾಡಿಗಳ ಸದ್ದು ಬೇರೆ ಕಾರುಗಳಂತಲ್ಲದೆ ಗುಡುಗುಡು ಎನ್ನಲು ಅದೇ ಕಾರಣವೇ?
— ಗ್ಯಾರೇಜ್ ನಡೆಸುವವರು, ಗಂಗಾವತಿ

ಉತ್ತರ: ಹೆಮಿ ಎಂಬುದು ‘ಅರ್ಧಗೋಲ’ ಎಂಬರ್ಥದ ಇಂಗ್ಲಿಷ್ ಪದದ ಮೊಟಕು ರೂಪ. ನೀವು ದಿನವೂ ಹೆಡ್ ಬಿಚ್ಚುವವರಾದ್ದರಿಂದ ನಿಮಗೆ ಬೇಗ ತಿಳಿಯುತ್ತದೆ. ಪಿಸ್ಟನ್ನಿನ ಮೇಲೆ ಪೆಟ್ರೋಲು ಉರಿಯುವ ಜಾಗವು ಬೋರಲು ಹಾಕಿದ ಬಟ್ಟಲಿನ ಒಳಮೈಯಂತಿದ್ದರೆ ಅದು ಹೆಮಿ. ಬಟ್ಟಲಿನ ಒಂದು ಇಳಿಜಾರಿನಲ್ಲಿ ಗಾಳಿ ಒಳಬರುವ ವಾಲ್ವು, ಎದುರಿನ ಇಳಿಜಾರಿನಲ್ಲಿ ಹೊಗೆ ಹೊರಹೋಗುವ ವಾಲ್ವು, ನಡುನೆತ್ತಿಯಲ್ಲಿ ಪ್ಲಗ್ಗು. ವಾಲ್ವುಗಳು ಒಂದರ ಪಕ್ಕ ಒಂದು ಇಕ್ಕಟ್ಟಾಗಿ ನಿಲ್ಲದೆ ಎದುರುಬದುರಾಗುವುದರಿಂದ ಅವುಗಳನ್ನು ದೊಡ್ಡದಾಗಿ ಮಾಡಬಹುದು, ಗಾಳಿ ತಿರುವುಗಳಿಲ್ಲದೆ ಒಂದು ಬದಿಯಿಂದ ಬಂದು ಇನ್ನೊಂದು ಬದಿಯಿಂದ ಹೋಗುತ್ತದೆ. ಡಾಡ್ಜ್‌ನ ಒಡೆತನ ಹೊಂದಿದ್ದ ಕ್ರೈಸ್ಲರ್ ಕಂಪನಿ ಇಂಥ ವಿ8 ಎಂಜಿನ್ನನ್ನು 1951ರಲ್ಲಿ ತಂದಿತು. 1964ರ ಡೇಟೋನಾ 500 ರೇಸಿನಲ್ಲಿ ಅದರ 7 ಲೀಟರಿನ ಎಂಜಿನ್ ಹೊತ್ತ, ಕ್ರೈಸ್ಲರ್‌ನದೇ ಪ್ಲಿಮತ್ ಹೆಸರಿನ ಕಾರುಗಳು ಮೊದಲ ಮೂರು ಸ್ಥಾನಗಳನ್ನೂ ಗೆದ್ದವು. ಅದೇ ಎಂಜಿನ್ 1966ರಿಂದ 1971ರವರೆಗೆ ರಸ್ತೆಯ ಕಾರುಗಳಿಗೂ ಸಿಕ್ಕಿತು. 2003ರಿಂದೀಚಿನ ಹೆಮಿಗಳಲ್ಲಿ ಬಟ್ಟಲು ಪೂರಾ ಅರ್ಧಗೋಲವಾಗಿಲ್ಲ, ಸ್ವಲ್ಪ ಚಪ್ಪಟೆಯಾಗಿದೆ, ಮತ್ತು ಪೆಟ್ರೋಲು ಚೆನ್ನಾಗಿ ಉರಿಯಲೆಂದು ಒಂದೊಂದು ಸಿಲಿಂಡರಿಗೂ ಎರಡೆರಡು ಪ್ಲಗ್ಗುಗಳಿವೆ. ಟ್ಯೂನಿಂಗಿಗೆ ಬಂದರೆ 16 ಪ್ಲಗ್ಗು ಬಿಚ್ಚಬೇಕು.

ಸದ್ದಿನ ಕಾರಣ ಬೇರೆ. ಅಮೆರಿಕದ ವಿ8 ಎಂಜಿನ್ನುಗಳಲ್ಲಿ ಕ್ರ್ಯಾಂಕಿನ (ಪಿಸ್ಟನ್ನುಗಳ ಏರಿಳಿತವನ್ನು ಸುತ್ತುವಿಕೆಯಾಗಿಸುವ ದಂಡದ) ಮೊಣಕೈಗಳು ಮುಂದಿನಿಂದ ನೋಡಿದರೆ ಕೂಡಿಸುವ ಚಿಹ್ನೆಯಂತೆ ನಾಲ್ಕು ದಿಕ್ಕಿಗೆ ಚಾಚಿರುತ್ತವೆ. ಎಂಟೂ ಸಿಲಿಂಡರುಗಳನ್ನು ಕೂಡಿಸಿ ನೋಡಿದರೆ ಉರಿಯುವ ಲಯ ಸಮವಾಗಿರುತ್ತದೆ. ಆದರೆ ಎಡದ ನಾಲ್ಕನ್ನೋ ಬಲದ ನಾಲ್ಕನ್ನೋ ಪ್ರತ್ಯೇಕವಾಗಿ ಕೇಳಿದರೆ, ಎರಡು ಪೆಟ್ಟು ಒತ್ತೊತ್ತಾಗಿ ಬಿದ್ದು ಮುಂದಿನದು ತಡವಾಗಿ ಬೀಳುತ್ತದೆ. ಎರಡು ಬದಿಗೂ ಬೇರೆ ಬೇರೆ ಸೈಲೆನ್ಸರ್ ಇದ್ದಾಗ ಆ ಏರುಪೇರು ಹಾಗೆಯೇ ಹೊರಗೆ ಕೇಳಿಸುತ್ತದೆ. ಈ ಸದ್ದನ್ನು ನಾನು ಹತ್ತಿರದಿಂದ ಕೇಳಿದ್ದು ಮುನಿರಾಬಾದಿನ ಬಳಿ. ತುಂಗಭದ್ರಾ ಅಣೆಕಟ್ಟು ನೋಡಲು ಬಂದಿದ್ದ ಯಾರದೋ ನೀಲಿ ಮಸ್ಟಾಂಗ್ ಚಹಾದಂಗಡಿಯ ಮುಂದೆ ಚಾಲೂ ಇಟ್ಟು ನಿಂತಿತ್ತು. ಮೇಜಿನ ಮೇಲಿದ್ದ ನನ್ನ ಗಾಜಿನ ಲೋಟದಲ್ಲಿ ಚಹಾದ ಕೆನೆ ಸಣ್ಣಗೆ ನಡುಗುತ್ತಿತ್ತು. ಅದು ಹೆಮಿ ಅಲ್ಲ, ಫೋರ್ಡ್ ಕಂಪನಿಯ 5 ಲೀಟರಿನ ವಿ8, ಆದರೆ ಆ ಗುಡುಗಿನ ಮೂಲ ಒಂದೇ.

ಪ್ರಶ್ನೆ: 1971ರ ಚಾಲೆಂಜರ್ ಕಾರಿನ 340 (ಘನ ಇಂಚು ಗಾತ್ರದ) ಎಂಜಿನ್ನಿಗೆ 275 ಎಚ್‌ಪಿ ಎಂದೂ, 1972ರ ಅದೇ ಎಂಜಿನ್ನಿಗೆ 240 ಎಚ್‌ಪಿ ಎಂದೂ ಓದಿದೆ. ಒಂದೇ ವರ್ಷದಲ್ಲಿ 35 ಎಚ್‌ಪಿ ಎಲ್ಲಿ ಹೋಯಿತು?
— ರೈತರು, ಸಿಂಧನೂರು

ಉತ್ತರ: ಹೆಚ್ಚಿನ ಪಾಲು ಎಲ್ಲಿಗೂ ಹೋಗಲಿಲ್ಲ, ಅಳೆಯುವ ಕ್ರಮ ಬದಲಾಯಿತು. 1971ರವರೆಗೆ ಅಮೆರಿಕದ ಕಂಪನಿಗಳು ಜಾಹೀರಾತಿನಲ್ಲಿ ಹೇಳುತ್ತಿದ್ದದ್ದು ಎಂಜಿನ್ನನ್ನು ಗಾಡಿಯಿಂದ ಇಳಿಸಿ, ಏರ್ ಕ್ಲೀನರ್, ಫ್ಯಾನು, ಆಲ್ಟರ್ನೇಟರ್, ಸೈಲೆನ್ಸರ್ ಯಾವುದರ ಹೊರೆಯೂ ಇಲ್ಲದೆ ಓಡಿಸಿ ಅಳೆದ ಶಕ್ತಿಯನ್ನು. 1972ರಿಂದ ಇವೆಲ್ಲವೂ ಗಾಡಿಯಲ್ಲಿರುವಂತೆಯೇ ಜೋಡಣೆಯಾಗಿರುವಾಗ ಸಿಗುವ ಶಕ್ತಿಯನ್ನು ಹೇಳತೊಡಗಿದರು. ತಾವು ಟ್ರ್ಯಾಕ್ಟರ್ ಕೊಳ್ಳುವಾಗ ಬಾನೆಟ್ಟಿನ ಮೇಲೆ ಬರೆದ ಎಚ್‌ಪಿಯನ್ನು ನಂಬದೆ ‘ಪಿಟಿಒ (ಹಿಂದೆ ಉಪಕರಣಗಳನ್ನು ತಿರುಗಿಸುವ ದಂಡ) ಎಚ್‌ಪಿ ಎಷ್ಟು’ ಎಂದು ಕೇಳುತ್ತೀರಲ್ಲ, ವಿಷಯ ಸರಿಸುಮಾರು ಅದೇ. ರೋಟವೇಟರ್ ತಿರುಗಿಸುವುದು ಪಿಟಿಒಗೆ ತಲುಪಿದ ಶಕ್ತಿಯೇ ಹೊರತು ಬರಹದ ಶಕ್ತಿಯಲ್ಲ.

ಆದರೆ ನಿಜವಾದ ಇಳಿಕೆಯೂ ಸ್ವಲ್ಪ ಇತ್ತೆಂಬುದನ್ನು ಮರೆಮಾಚಬಾರದು. 1970ರಲ್ಲಿ ಅಮೆರಿಕ ಸರ್ಕಾರ ಹೊಗೆಯ ಮಾಲಿನ್ಯ ತಡೆಯಲು ಕಠಿಣ ಕಾನೂನು ತಂದಿತು, ಸೀಸ ಬೆರೆಸಿದ ಪೆಟ್ರೋಲನ್ನು ಕಡಿಮೆ ಮಾಡುವ ದಾರಿ ಹಿಡಿಯಿತು. ಸೀಸವಿಲ್ಲದ, ಕಡಿಮೆ ಆಕ್ಟೇನಿನ ಪೆಟ್ರೋಲಿನಲ್ಲಿ ಎಂಜಿನ್ ನಾಕ್ ಹೊಡೆಯದಿರಲೆಂದು (ಪೆಟ್ರೋಲು ತಪ್ಪು ಹೊತ್ತಿಗೆ ಸಿಡಿದು ಟಕಟಕ ಎನ್ನದಿರಲೆಂದು) ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತುವ ಪ್ರಮಾಣ, ಇಳಿಸಿದರು, 340 ಎಂಜಿನ್ನಿನಲ್ಲಿ ಅದು 8.5ಕ್ಕೆ ಬಂತು. ಎಳೆಯ ವಯಸ್ಸಿನವರು ಕೊಳ್ಳುವ ಬಿರುಸಿನ ಕಾರುಗಳಿಗೆ ವಿಮಾ ಕಂಪನಿಗಳು ಕಂತು ಏರಿಸಿದವು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ಕಳಿಸುವುದನ್ನು ನಿಲ್ಲಿಸಿದಾಗ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. ಮರುವರ್ಷವೇ ಚಾಲೆಂಜರ್ ನಿಂತಿತು. ತಮ್ಮ ಪ್ರಶ್ನೆಯಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಹಳೆಯ 7 ಲೀಟರ್ ಹೆಮಿಗೆ ಕಂಪನಿ ಹೇಳಿದ್ದು 425 ಎಚ್‌ಪಿ, 2008ರ 6.1 ಲೀಟರಿನದಕ್ಕೂ 425 ಎಚ್‌ಪಿ. ಅಂಕಿ ಒಂದೇ ಆದರೂ ಹಳೆಯದು ಹೊರೆಯಿಲ್ಲದ ಲೆಕ್ಕ, ಹೊಸದು ಹೊರೆಸಹಿತದ ಲೆಕ್ಕವಾದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಪ್ರಶ್ನೆ: ನಮ್ಮ ಕಡೆಯ ಬಿಸಿಲಿನಲ್ಲಿ ಇಂಥ ಗಾಡಿ ಅದೇ ಶಕ್ತಿ ಕೊಡುತ್ತದೆಯೇ?
— ಶಾಲಾ ಶಿಕ್ಷಕರು, ರಾಯಚೂರು

ಉತ್ತರ: ಕೊಡುವುದಿಲ್ಲ. ಈಗ ಎಚ್‌ಪಿ ಹೇಳುವುದು ಸುಮಾರು 25 ಡಿಗ್ರಿ ಉಷ್ಣತೆಯ ಗಾಳಿಯ ಲೆಕ್ಕದಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ 42 ಡಿಗ್ರಿಯಲ್ಲಿ ಗಾಳಿ ತೆಳುವಾಗಿ, ಅದೇ ಸಿಲಿಂಡರಿನೊಳಗೆ ನೂರಕ್ಕೆ 5ರಷ್ಟು ಕಡಿಮೆ ಗಾಳಿ ಹೋಗುತ್ತದೆ. ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಇರುವ ಎಂಜಿನ್ನುಗಳಿಗೆ ಈ ಕಷ್ಟ ಇನ್ನೂ ಹೆಚ್ಚು, ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವಂತೆ ಒತ್ತಿದ ಗಾಳಿ ಮತ್ತಷ್ಟು ಕಾಯುತ್ತದೆ. 2015ರಲ್ಲಿ ಬಂದ ಚಾಲೆಂಜರ್ ಹೆಲ್‌ಕ್ಯಾಟ್ ಇಂಥದ್ದೇ 6.2 ಲೀಟರಿನ, 707 ಎಚ್‌ಪಿಯ ಗಾಡಿ. 2018ರ ಚಾಲೆಂಜರ್ ಡೀಮನ್‌ನಲ್ಲಂತೂ ಕಾರಿನ ಎಸಿಯ ತಂಪನ್ನೇ ತಿರುಗಿಸಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಏರ್ಪಾಡು ಮಾಡಿದ್ದರು.

ಪ್ರಶ್ನೆ: 1970ರ ಒಂದು ಚಾಲೆಂಜರ್ ತರಿಸಿ ಬಳ್ಳಾರಿಯಲ್ಲಿ ಓಡಿಸಬೇಕೆಂಬುದು ನನ್ನ ಬಹುದಿನದ ಆಸೆ. ಕಾನೂನು ಒಪ್ಪುತ್ತದೆಯೇ? ಅದಕ್ಕಿಂತ 2015ರದ್ದು ಒಂದು ಸೆಕೆಂಡ್ ಹ್ಯಾಂಡ್ ತರಿಸುವುದು ಸುಲಭವೇ?
— ಜೀನ್ಸ್ ಹೊಲಿಗೆ ಘಟಕದ ಮಾಲೀಕರು, ಬಳ್ಳಾರಿ

ಉತ್ತರ: ಎರಡನೆಯದರ ಆಸೆಯನ್ನು ದಯವಿಟ್ಟು ಬಿಡಿ. ಸೆಕೆಂಡ್ ಹ್ಯಾಂಡ್ ಕಾರನ್ನು ಹೊರದೇಶದಿಂದ ತರಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು ಮತ್ತು ಸ್ಟಿಯರಿಂಗ್ ಬಲಕ್ಕಿರಬೇಕು. ಚಾಲೆಂಜರ್ ಕಾರನ್ನು ಕಂಪನಿ ಬಲಗಡೆ ಸ್ಟಿಯರಿಂಗ್ ಇಟ್ಟು ಎಂದೂ ತಯಾರಿಸಲಿಲ್ಲ. ನಮ್ಮ ದೇಶದ ಷೋರೂಮಿಗೆ ಅಧಿಕೃತವಾಗಿ ಬಂದ ಈ ಜಾತಿಯ ಕಾರು 2016ರ ಮಸ್ಟಾಂಗ್. ಅದು ಬರಲು ಸಾಧ್ಯವಾದದ್ದೇ ಫೋರ್ಡ್ ಕಂಪನಿ ಅದನ್ನು ಬಲಗಡೆ ಸ್ಟಿಯರಿಂಗ್‌ನೊಂದಿಗೆ ತಯಾರಿಸಲು ಆರಂಭಿಸಿದ್ದರಿಂದ, ಆಗ ಅದರ ಬೆಲೆ ಷೋರೂಮಿನಲ್ಲಿ ಸುಮಾರು 65 ಲಕ್ಷ ರೂಪಾಯಿ ಇತ್ತು.

1970ರ ಗಾಡಿಗೆ ಮಾತ್ರ ಬೇರೆ ದಾರಿಯಿದೆ. 50 ವರ್ಷ ದಾಟಿದ ವಾಹನಗಳ ಆಮದಿಗೆ 2025ರಲ್ಲಿ ಅವಕಾಶ ಸಿಕ್ಕಿದೆ. ಮೊದಲ ಸಾಲಿನ ಚಾಲೆಂಜರ್‌ಗಳೆಲ್ಲ ಈಗ ಆ ವಯಸ್ಸು ದಾಟಿವೆ. ನೋಂದಣಿಗೆ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ತಂದಿದ್ದು, ಅದರ ಪ್ರಕಾರ 20,000 ರೂಪಾಯಿ ಶುಲ್ಕ ಕಟ್ಟಿದರೆ ‘ವಿಎ’ ಅಕ್ಷರಗಳಿರುವ ನಂಬರ್ ಪ್ಲೇಟ್ ಸಿಗುತ್ತದೆ. ಎಡಗಡೆ ಸ್ಟಿಯರಿಂಗ್ ಇದ್ದರೆ ನಿಗದಿತ ರೀತಿಯ ಸಿಗ್ನಲ್ ಸಾಧನ ಇರಲೇಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಆದರೆ ನಿಮ್ಮ ಪತ್ರದಲ್ಲಿ ‘ದಿನಾ ಘಟಕಕ್ಕೆ ಅದರಲ್ಲೇ ಹೋಗಿಬರುತ್ತೇನೆ’ ಎಂದಿದ್ದೀರಿ, ಅದು ಆಗುವುದಿಲ್ಲ. ವಿಂಟೇಜ್ ನೋಂದಣಿಯ ವಾಹನವನ್ನು ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಒಯ್ಯಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹಣ ಕಳಿಸುವ ಮುನ್ನ ಕಸ್ಟಮ್ಸ್ ಏಜೆಂಟರನ್ನೂ ಆರ್‌ಟಿಒ ಕಚೇರಿಯನ್ನೂ ಖುದ್ದಾಗಿ ವಿಚಾರಿಸಿ.

ಗಾಡಿ ಬಂದ ಮೇಲೆ ಮೊದಲು ಪೆಟ್ರೋಲಿನ ಹಾದಿ ನೋಡಿಸಬೇಕು. ಆ ಕಾಲದ ರಬ್ಬರ್ ಪೈಪು, ಕಾರ್ಬ್ಯುರೇಟರಿನ ವಾಷರುಗಳು ಈಗ ಬಂಕಿನಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲಿಗೆ ಮೆತ್ತಗಾಗಿ ಸೋರುತ್ತವೆ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯ ಭಯವಿದೆ. ಅವುಗಳನ್ನೆಲ್ಲ ಎಥನಾಲ್ ತಾಳುವಂಥವಕ್ಕೆ ಬದಲಿಸದೆ ಚಾಲೂ ಮಾಡಬೇಡಿ. ರಸ್ತೆಯ ಉಬ್ಬುಗಳನ್ನು ದಾಟುವ ಬಗೆಯನ್ನು ಮುನಿರಾಬಾದಿನ ಆ ಮಸ್ಟಾಂಗ್ ಮಾಲೀಕರೇ ತೋರಿಸಿಕೊಟ್ಟರು. ಅವರು ಉಬ್ಬಿಗೆ ನೇರವಾಗಿ ಹೋಗದೆ, ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಿ ಇಳಿಸಿಕೊಂಡು ಹೋದರು, ಹಿಂದೆ ಬಂದ ಭತ್ತದ ಲಾರಿಯವನು ಹಾರ್ನ್ ಮಾಡದೆ ಕಾದು ನಿಂತ.

ಪ್ರಶ್ನೆ: ಈಗ ಬಂದಿರುವ ಡಾಡ್ಜ್‌ನ ಎಲೆಕ್ಟ್ರಿಕ್ ‘ಚಾರ್ಜರ್’ ಕಾರು ಚಾಲೆಂಜರ್‌ನ ಮುಂದುವರಿಕೆ ಎನ್ನಬಹುದೇ?
— ಕಾಲೇಜು ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ಎರಡು ಬಾಗಿಲಿನ ಮೈಕಟ್ಟನ್ನು ನೋಡಿದರೆ ಹಾಗೆನ್ನಿಸುತ್ತದೆ, 670 ಎಚ್‌ಪಿಯ ಓಟವೂ ಕಡಿಮೆಯದಲ್ಲ. ಆದರೆ ಅದರ ಸದ್ದು ಸ್ಪೀಕರಿನಿಂದ ಹೊರಡಿಸಿದ್ದು, ತೂಕ 2,600 ಕಿಲೋ ದಾಟಿದೆ, ಹೆಸರೂ ಚಾಲೆಂಜರ್ ಅಲ್ಲ. ಅದೇ ಮೈಕಟ್ಟಿಗೆ ಕಂಪನಿಯು ಈಗ 3 ಲೀಟರಿನ, ಎರಡು ಟರ್ಬೊ ಇರುವ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನನ್ನೂ 420 ಮತ್ತು 550 ಎಚ್‌ಪಿಯಲ್ಲಿ ಕೊಡುತ್ತಿದೆ. ಬಳ್ಳಾರಿಯ ವಿದ್ಯಾರ್ಥಿಗೆ ಹೇಳಿದ ಅಳತೆಯನ್ನೇ ಇಲ್ಲಿಯೂ ಇಟ್ಟರೆ, ರೂಪ ಬಂದಿದೆ, ಹೆಸರು ಬಂದಿಲ್ಲ, ವಿ8 ಎಂಜಿನ್ ಬಂದಿಲ್ಲ. ಆದ್ದರಿಂದ ಸದ್ಯಕ್ಕೆ ನಾನು ಅದನ್ನು ಚಾಲೆಂಜರ್‌ನ ಮರಳುವಿಕೆ ಎಂದು ಕರೆಯುವುದಿಲ್ಲ.