ಅರ್ಧ ಬರೆದ ಕಾದಂಬರಿ ಮುಗಿಸೋಕೆ ವಿದೇಶದ ರೈಟಿಂಗ್ ರಿಟ್ರೀಟ್‌ಗೆ, ಅಂದರೆ ಬರವಣಿಗೆಯ ಶಿಬಿರಕ್ಕೆ, ಹೋಗಬಹುದಾ? ಇಟಲಿ ಒಳ್ಳೆಯದಾ, ಗ್ರೀಸ್ ಒಳ್ಳೆಯದಾ?

ಹೋಗಿ. ಆದರೆ ಆ ಕಾದಂಬರಿಯನ್ನು ಜೊತೆಗೆ ತಗೊಂಡು ಹೋಗಬೇಡಿ.

ಬೆಳಿಗ್ಗೆ ಕಮ್ಮಟ, ಮಧ್ಯಾಹ್ನ ಅಲ್ಲಿನ ಅಡುಗೆ ಕಲಿಯೋದು, ಸಂಜೆ ಹಳ್ಳಿ ಸುತ್ತಾಟ, ಈ ಒಂದು ವಾರದಲ್ಲೇ ಅರ್ಧಕ್ಕೆ ನಿಂತ ಕಾದಂಬರಿಯೂ ಮುಗಿಯಬೇಕು ಅಂತ ಬರೆದಿದ್ದೀರಿ. ನಾನು ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೋಗಿದ್ದು ಇದೇ ಆಸೆಯಿಂದ.

ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಲ್ಲಿ ರಾತ್ರಿ ಹಡಗು ಹತ್ತಿದರೆ ಬೆಳಿಗ್ಗೆ ಹನ್ಯಾ ಪಟ್ಟಣದ ಹತ್ತಿರದ ಸೂದಾ ಬಂದರಿನಲ್ಲಿ ಇಳಿಯಬಹುದು. ಅಲ್ಲಿಂದ ಪೂರ್ವಕ್ಕೆ ಅಪೊಕೊರೊನಾಸ್ ಅನ್ನೋ ಪ್ರದೇಶ. ನಮ್ಮ ರಿಟ್ರೀಟ್ ಇದ್ದದ್ದು ಅಲ್ಲಿನ ಒಂದು ಸಣ್ಣ ಹಳ್ಳಿಯಲ್ಲಿ. ಏಪ್ರಿಲ್ ತಿಂಗಳು. ದಕ್ಷಿಣಕ್ಕೆ ಲೆಫ್ಕಾ ಓರಿ, ಅಂದರೆ ಬಿಳಿ ಬೆಟ್ಟಗಳು. ತುದಿಯಲ್ಲಿ ಇನ್ನೂ ಹಿಮ ಇತ್ತು. ಕೆಳಗೆಲ್ಲ ಆಲಿವ್ ತೋಟ. ಈಸ್ಟರ್ ಇನ್ನೂ ಬಂದಿರಲಿಲ್ಲ, ಹಳ್ಳಿಯಲ್ಲಿ ಉಪವಾಸದ ದಿನಗಳು ನಡೆಯುತ್ತಿದ್ದವು.

ಹೊರಡುವ ಮೊದಲೇ ಎಲ್ಲರೂ ತಮ್ಮ ಬರಹದ ಒಂದಿಷ್ಟು ಪುಟ ಕಳಿಸಬೇಕಿತ್ತು. ಕಮ್ಮಟ ನಡೆಯೋದು ಇಂಗ್ಲಿಷ್‌ನಲ್ಲಿ. ಹಾಗಾಗಿ ನನ್ನ ಕಾದಂಬರಿಯ ಮೊದಲ ಮೂರು ಅಧ್ಯಾಯಗಳನ್ನು ಇಂಗ್ಲಿಷ್ ಮಾಡಿ ಕಳಿಸಿದೆ. ಅದು ಒಬ್ಬ ಅತ್ತೆಯ ಕಥೆ. ಒಂದೇ ಮನೆಯಲ್ಲಿದ್ದು, ಒಂದೇ ಅಡುಗೆ ಉಂಡು, ಸ್ವಂತ ಅಣ್ಣನ ಜೊತೆ ಮಾತು ಬಿಟ್ಟಿರೋಳು. ಯಾಕೆ ಬಿಟ್ಟಳು ಅನ್ನೋದು ನನಗೂ ಪೂರ್ತಿ ಗೊತ್ತಿರಲಿಲ್ಲ. ಬರೀತಾ ಬರೀತಾ ತಿಳಿಯುತ್ತೆ ಅಂತ ಹೊರಟಿದ್ದೆ.

ನನ್ನ ಸರದಿ ಎರಡನೇ ದಿನ ಬಂತು. ಇಂಥ ಕಮ್ಮಟಗಳಲ್ಲಿ ಒಂದು ಹಳೆಯ ಪದ್ಧತಿ ಇದೆ: ಉಳಿದವರು ಮಾತಾಡುವಷ್ಟು ಹೊತ್ತು ಬರೆದವರು ಬಾಯಿ ಬಿಡಬಾರದು. ನಾನು ಸುಮ್ನೆ ಕೂತು ಬರೆದುಕೊಂಡೆ. ಒಳ್ಳೆಯ ಓದುಗರು ಅವರು, ಪ್ರೀತಿಯಿಂದಲೇ ಓದಿದ್ದರು. ಎಲ್ಲರ ಪ್ರಶ್ನೆಯೂ ಒಂದೇ. ಇವಳು ಅಣ್ಣನ ಜೊತೆ ಯಾಕೆ ಮಾತಾಡೋದಿಲ್ಲ? ಓದುಗರಿಗೆ ಇನ್ನೂ ಬೇಗ ಗೊತ್ತಾಗಬೇಕಲ್ವಾ? ಮನೆ ಬಿಟ್ಟು ಯಾಕೆ ಹೋಗಲಿಲ್ಲ? ಕೊನೆಗೆ ನಮ್ಮ ಮೇಷ್ಟ್ರು ಒಂದು ಮಾತು ಹೇಳಿದರು. ಇವತ್ತು ಕೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ, ಆದರೆ ಈ ವಾರ ಒಂದು ಸಾಲನ್ನೂ ಬದಲಾಯಿಸಬೇಡಿ.

ಅದೇ ಮಧ್ಯಾಹ್ನ ನಾನು ಲ್ಯಾಪ್‌ಟಾಪ್ ತೆಗೆದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಹಾಳಾಗಿದ್ದು ಒಂದೇ ಏಟಿಗೆ ಅಲ್ಲ. ಮೊದಲ ಅಧ್ಯಾಯದಲ್ಲಿ ಒಂದು ಪ್ಯಾರಾ ಸೇರಿಸಿದೆ, ಅಷ್ಟೇ. ಅಣ್ಣ ತಂಗಿ ಮಾತು ಬಿಟ್ಟಿದ್ದಕ್ಕೆ ಕಾರಣ ಕೊಟ್ಟೆ. ಆಸ್ತಿ ಪತ್ರಕ್ಕೆ ಅವನು ಹಾಕಿಸಿಕೊಂಡ ಒಂದು ಸಹಿ. ಓದೋಕೆ ಚೆನ್ನಾಗೇ ಇತ್ತು. ಆದರೆ ಕಾರಣ ಅಲ್ಲೇ ಬಂದ ಮೇಲೆ ಎರಡನೇ ಅಧ್ಯಾಯದಲ್ಲಿ ಅಣ್ಣನಿಗೆ ಜ್ವರ ಬಂದಾಗ ಅವಳು ಬಾಗಿಲ ಹೊರಗೆ ಗಂಜಿ ಇಟ್ಟು ಹೋಗುವ ಪ್ರಸಂಗದ ತೂಕವೇ ಹೋಯಿತು. ಮೊದಲು ಅದನ್ನು ಓದಿದವರಿಗೆ ಇದು ಸಿಟ್ಟೋ ಪ್ರೀತಿಯೋ ಅನ್ನೋ ಗೊಂದಲ ಆಗುತ್ತಿತ್ತು. ಈಗ ಅವಳು ಬರೀ ಒಳ್ಳೆಯ ಹೆಂಗಸು. ಅದನ್ನು ಸರಿಮಾಡೋಕೆ ಅವಳ ಬಾಯಲ್ಲಿ ಎರಡು ಕಟುವಾದ ಮಾತು ಹಾಕಿದೆ. ಮಾತು ಬಂದಿದ್ದರಿಂದ ಮೂರನೇ ಅಧ್ಯಾಯದ ಮೌನ ಜಾಸ್ತಿ ಆಯ್ತು ಅನ್ನಿಸಿತು. ಅರ್ಧ ಕತ್ತರಿಸಿದೆ. ಹೀಗೆ ದಿನಗಳು ಕಳೆದವು. ಎಲ್ಲವನ್ನೂ ಅದೇ ಫೈಲ್‌ನಲ್ಲೇ ತಿದ್ದುತ್ತಾ ಹೋದೆ. ಹಳೆಯ ಪ್ರತಿ ಬೇರೆ ಇಟ್ಟಿರಲಿಲ್ಲ.

ವಾರದ ಕೊನೆಗೆ ಮೂರು ಅಧ್ಯಾಯ ನೀಟಾಗಿದ್ದವು. ನಾಲ್ಕನೆಯದು ಇವತ್ತಿಗೂ ಮುಂದಕ್ಕೆ ಹೋಗಿಲ್ಲ. ಹುಡುಕಬೇಕಾದದ್ದನ್ನು ಮೊದಲ ಅಧ್ಯಾಯದಲ್ಲೇ ಹೇಳಿ ಮುಗಿಸಿದ ಮೇಲೆ ಬರೆಯೋಕೆ ಏನೂ ಉಳಿದಿರಲಿಲ್ಲ. ಊರಿಗೆ ಬಂದು ಹಳೆಯದಕ್ಕೆ ಹಿಂತಿರುಗೋಣ ಅಂದರೆ ಕೈಯಲ್ಲಿ ಉಳಿದಿದ್ದು ಕಮ್ಮಟಕ್ಕೆ ಕಳಿಸಿದ ಇಂಗ್ಲಿಷ್ ಪುಟಗಳು ಮಾತ್ರ.

ಅವರ ಪ್ರಶ್ನೆಗಳು ತಪ್ಪಾಗಿರಲಿಲ್ಲ. ಮುಗಿದ ಕಾದಂಬರಿಯ ಬಗ್ಗೆ ಕೇಳಿದ್ದರೆ ಅವೇ ಪ್ರಶ್ನೆಗಳಿಂದ ನನಗೆ ತುಂಬಾ ಉಪಯೋಗ ಆಗುತ್ತಿತ್ತು. ಕೊನೆ ಗೊತ್ತಿರುವ ಬರಹಗಾರರು ಯಾವ ಮಾತು ತಗೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ತೂಗಬಲ್ಲರು. ಅರ್ಧದಲ್ಲಿ ಇರುವವರಿಗೆ ಆ ಶಕ್ತಿ ಇರೋದಿಲ್ಲ, ಎಲ್ಲ ಮಾತೂ ನಿಜ ಅನ್ನಿಸುತ್ತೆ. ಅದರಲ್ಲೂ ಪರದೇಶದಲ್ಲಿ, ದುಡ್ಡು ಕಟ್ಟಿ, ಹೊಸ ಸ್ನೇಹಿತರ ಎದುರು ಕೂತಾಗ ಅವರನ್ನು ಮೆಚ್ಚಿಸಬೇಕು ಅನ್ನೋ ಆಸೆ ಜಾಸ್ತಿ ಇರುತ್ತೆ. ನಾನು ಆ ಮೇಜಿನ ಸುತ್ತ ಕೂತವರಿಗಾಗಿ ಕಾದಂಬರಿ ತಿದ್ದಿದೆ. ಅವರೆಲ್ಲ ಮುಂದಿನ ಶನಿವಾರ ತಮ್ಮ ತಮ್ಮ ದೇಶಕ್ಕೆ ಹೋದರು.

ಇನ್ನು ನೀವು ಕೇಳಿದ ಊಟ, ಸಂಸ್ಕೃತಿ. ನಾನು ಕೋಣೆಯಲ್ಲಿ ಕೂತು ಕಳೆದುಕೊಂಡಿದ್ದು ಅದನ್ನೇ.

ಕ್ರೀಟ್‌ನಲ್ಲಿ ಕಾಡು ಸೊಪ್ಪು ತಿನ್ನೋದು ದೊಡ್ಡ ವಿಷಯ. ಒಟ್ಟಾಗಿ ಹೊರ್ತಾ ಅಂತಾರೆ. ಅದರಲ್ಲಿ ಸ್ತಮ್ನಗಾಥಿ ಅಂತ ಒಂದಿದೆ, ಮುಳ್ಳಿನ ಗಿಡ, ಕಹಿ ಎಲೆ. ಬೇಯಿಸಿ ಆಲಿವ್ ಎಣ್ಣೆ, ನಿಂಬೆರಸ ಹಾಕಿ ಬಡಿಸುತ್ತಾರೆ. ನಮಗೆ ಅಡುಗೆ ಮಾಡುತ್ತಿದ್ದ ಅಮ್ಮ ಚಾಕು ಹಿಡಿದು ಸೊಪ್ಪು ಕೀಳೋಕೆ ಹೋಗುವಾಗ ಉಳಿದವರೆಲ್ಲ ಹಿಂದೆ ಹೋಗುತ್ತಿದ್ದರು. ಬಾರ್ಲಿ ರಸ್ಕಿನ ಮೇಲೆ ತುರಿದ ಟೊಮ್ಯಾಟೊ, ಮಿಜಿಥ್ರಾ ಅನ್ನೋ ಚೀಸು ಹಾಕಿದರೆ ದಾಕೋಸ್. ಉಪವಾಸದ ದಿನ ಅಂತ ಆ ಅಮ್ಮ ಚೀಸು ಮುಟ್ಟುತ್ತಿರಲಿಲ್ಲ. ಬುಧವಾರ, ಶುಕ್ರವಾರ ಎಣ್ಣೆಯನ್ನೂ ಬಿಡುತ್ತಿದ್ದರು. ನಮ್ಮ ತಟ್ಟೆಗೆ ಎಣ್ಣೆ ಸುರಿದು ಬಡಿಸಿ, ತಾವು ಬರೀ ಬೇಯಿಸಿದ ಸೊಪ್ಪು, ಬ್ರೆಡ್ಡು ತಿನ್ನುತ್ತಿದ್ದರು.

ಸಂಜೆ ಹಳ್ಳಿಯ ಕಫೆನಿಯೊದಲ್ಲಿ, ಅಂದರೆ ಕಾಫಿ ಅಂಗಡಿಯಲ್ಲಿ, ವಯಸ್ಸಾದವರು ಮಂದಿನಾದಾ ಅನ್ನೋ ಪದ್ಯ ಹೇಳುತ್ತಾರೆ. ಎರಡೇ ಸಾಲು. ಪ್ರತಿ ಸಾಲಿಗೆ 15 ಉಚ್ಚಾರಾಂಶ, ಕೊನೆಯಲ್ಲಿ ಪ್ರಾಸ. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಅಲ್ಲೇ ಕಟ್ಟಿ ಉತ್ತರ ಕೊಡಬೇಕು. ಹಬ್ಬ, ಮದುವೆಗಳಲ್ಲಾದರೆ ಲಿರಾ ಅನ್ನೋ ಮೂರು ತಂತಿಯ ವಾದ್ಯವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ನುಡಿಸಿ ಹಾಡುತ್ತಾರೆ. ಬರೆಯೋರಿಗೆ ಇದಕ್ಕಿಂತ ದೊಡ್ಡ ಪಾಠ ಯಾವ ಕ್ಲಾಸಿನಲ್ಲಿ ಸಿಗುತ್ತೆ? ಸಾಲುಗಳು ಅರ್ಥವಾಗದಿದ್ದರೂ ಉತ್ತರ ಯಾವಾಗ ಸರಿಯಾಗಿ ತಗುಲಿತು ಅನ್ನೋದು ಕೂತವರ ಮುಖದಲ್ಲೇ ಗೊತ್ತಾಗುತ್ತೆ ಅಂತ ಜೊತೆಯವರು ಹೇಳಿದರು. ನಾನು ಹೋಗಿದ್ದು ಕೊನೆಯ ಸಂಜೆ ಮಾತ್ರ.

ಹೊರಡುವ ಹಿಂದಿನ ದಿನ ಮೇಷ್ಟ್ರು ಒಂದು ಅಭ್ಯಾಸ ಕೊಟ್ಟರು. ಯಾರಾದರೂ ಕೆಲಸ ಮಾಡೋದನ್ನು ನೋಡಿ, ಅವರ ಕೈಗಳ ಬಗ್ಗೆ ಪೆನ್ನಿನಲ್ಲಿ ಎರಡು ಪುಟ ಬರೀರಿ. ನಾನು ಅಡುಗೆಮನೆಗೆ ಹೋಗಿ ಕೂತೆ. ಆ ಅಮ್ಮನಿಗೆ ಇಂಗ್ಲಿಷ್ ಬರದು, ನನಗೆ ಗ್ರೀಕ್ ಬರದು. ಅವರು ಸೊಪ್ಪಿನ ಬುಡ ಕತ್ತರಿಸಿ, ಮಣ್ಣು ಹೋಗೋವರೆಗೂ ನೀರು ಬದಲಾಯಿಸಿ ಬದಲಾಯಿಸಿ ತೊಳೆಯುತ್ತಿದ್ದರು. ನನ್ನ ಮುಂದೆ ಒಂದು ರಾಶಿ ತಳ್ಳಿ ಚಾಕು ಕೊಟ್ಟರು. ಬುಡ ಎಲ್ಲಿ ಕತ್ತರಿಸಬೇಕು ಅಂತ ಕೈ ಹಿಡಿದು ತೋರಿಸಿದರು. ಆಮೇಲೆ ಕನ್ನಡದಲ್ಲೇ ಬರೆದೆ, ಯಾರಿಗೂ ತೋರಿಸದೆ. ಮುಂದೆ ಆ ಪುಟಗಳು ಬೆಳೆದು ಒಂದು ಕಥೆಯಾಗಿ ಅಚ್ಚಾದವು. ಆ ಇಡೀ ವಾರದಲ್ಲಿ ನನಗೆ ದಕ್ಕಿದ ಬರಹ ಅದೊಂದೇ. ಕಥೆಯಲ್ಲಿ ಕ್ರೀಟ್ ಇಲ್ಲ, ಆದರೆ ಸೊಪ್ಪು ತೊಳೆಯುವ ಒಬ್ಬ ಹೆಂಗಸು ಇದ್ದಾಳೆ.

ಹಾಗಾಗಿ ಇಟಲಿಯಾ ಗ್ರೀಸಾ ಅನ್ನೋ ಪ್ರಶ್ನೆಯನ್ನೇ ಬಿಟ್ಟುಬಿಡಿ. ಒಂದು ವಾರದಲ್ಲಿ ಕಾದಂಬರಿ ಎಲ್ಲೂ ಮುಗಿಯೋದಿಲ್ಲ. ಕಾದಂಬರಿಯನ್ನೇ ಮುಗಿಸಬೇಕು ಅಂದ್ರೆ ನಿಮಗೆ ಬೇಕಾದದ್ದು ರೆಸಿಡೆನ್ಸಿ, ರಿಟ್ರೀಟ್ ಅಲ್ಲ. ರೆಸಿಡೆನ್ಸಿ ಅಂದ್ರೆ ಬರಹದ ಮಾದರಿ ಕಳಿಸಿ, ಆಯ್ಕೆಯಾಗಿ, ವಾರಗಟ್ಟಲೆ ಒಂದು ಕೋಣೆ ಪಡೆಯೋದು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1907ರಿಂದ ನಡೆಯುತ್ತಿರುವ ಮ್ಯಾಕ್‌ಡವೆಲ್ ಹಾಗೇ. ಅಲ್ಲಿ ಇರೋಕೆ, ಊಟಕ್ಕೆ ದುಡ್ಡು ತಗೊಳ್ಳೋದಿಲ್ಲ. ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿ ತಂದು ಬಾಗಿಲ ಹತ್ತಿರ ಇಟ್ಟು ಹೋಗುತ್ತಾರೆ, ಬರೆಯೋರಿಗೆ ತೊಂದರೆ ಆಗದಿರಲಿ ಅಂತ. ಪಾಠ ಇಲ್ಲ, ಪ್ರವಾಸ ಇಲ್ಲ. ರಿಟ್ರೀಟ್ ಬೇರೆಯೇ. ದುಡ್ಡು ಕೊಟ್ಟವರಿಗೆ ಜಾಗ, ದಿನಕ್ಕೊಂದು ಕಾರ್ಯಕ್ರಮ.

ಆದರೂ ರಿಟ್ರೀಟ್‌ಗೇ ಹೋಗ್ತೀನಿ ಅಂದ್ರೆ ಸಂತೋಷ, ನಾನೂ ಮತ್ತೆ ಹೋಗೋಕೆ ತಯಾರು. ಬುಕ್ ಮಾಡುವ ಮುಂಚೆ ಅವರಿಗೆ ಒಂದು ಇಮೇಲ್ ಹಾಕಿ. ಅಲ್ಲಿ ಹೊಸದಾಗಿ ಬರೆಸುತ್ತಾರಾ, ತಂದದ್ದನ್ನು ಚರ್ಚೆ ಮಾಡುತ್ತಾರಾ? ಹೊಸದಾಗಿ ಬರೆಸುವ ಕಡೆಗೆ ಹೋಗಿ. ಚರ್ಚೆಯ ಕಮ್ಮಟವೇ ಆದರೆ ಮುಗಿದ ಒಂದು ಸಣ್ಣಕಥೆ ಕೊಡಿ. ಕಲಿಸುವವರು ಬರೆದದ್ದನ್ನು ಮೊದಲೇ ಓದಿ. ವೆಬ್‌ಸೈಟಿನಲ್ಲಿ ಕಾಣೋ ಈಜುಕೊಳದ ಫೋಟೋಗಿಂತ ಅದು ನಿಮಗೆ ಜಾಸ್ತಿ ಹೇಳುತ್ತೆ. ಪ್ರತಿ ದಿನ ಯಾವ ಕಾರ್ಯಕ್ರಮವೂ ಇಲ್ಲದ ಹೊತ್ತು ಎಷ್ಟಿದೆ ಕೇಳಿ. ದಿನವಿಡೀ ಬಸ್ಸಿನಲ್ಲಿ ಸುತ್ತಿಸುವ ಕಡೆ ಬೇಡವೇ ಬೇಡ. ಅಡುಗೆ ಕ್ಲಾಸಿನ ಬಗ್ಗೆಯೂ ನನಗೆ ಅಷ್ಟು ನಂಬಿಕೆ ಇಲ್ಲ. ಎಲ್ಲವನ್ನೂ ಹೆಚ್ಚಿಟ್ಟು, ಏಪ್ರನ್ ಕಟ್ಟಿಸಿ, ಫೋಟೋ ತೆಗೆದು ಕಳಿಸುತ್ತಾರೆ. ಅದಕ್ಕಿಂತ ನಡೆದು ಹೋಗುವಷ್ಟು ದೂರದಲ್ಲಿ ಹಳ್ಳಿಯ ಕಾಫಿ ಅಂಗಡಿ ಇರುವ ಜಾಗ ಹುಡುಕಿ.

ಗ್ರೀಸ್‌ನ ದಿನಚರಿಗೆ ನಿಮ್ಮನ್ನು ನೀವೇ ಒಗ್ಗಿಸಿಕೊಳ್ಳಬೇಕು. ರಾತ್ರಿ ಊಟ ಶುರುವಾಗೋದೇ ಒಂಬತ್ತರ ಮೇಲೆ. ಊಟ ಆದ ಮೇಲೆ ಕ್ರೀಟ್‌ನಲ್ಲಿ ರಾಕಿ ಅನ್ನೋ ದ್ರಾಕ್ಷಿಯ ಮದ್ಯ ತಂದಿಡುತ್ತಾರೆ, ಮಾತು ಬೆಳೆಯುತ್ತೆ. ಬೆಳಗಿನ ಜಾವ ಎದ್ದು ಬರೀತೀನಿ ಅಂತ ಹಟ ಮಾಡಿದರೆ ವಾರಪೂರ್ತಿ ನಿದ್ದೆಗೆಟ್ಟು ಓಡಾಡಬೇಕಾಗುತ್ತೆ. ಮಧ್ಯಾಹ್ನ ಊಟ ಮುಗಿದ ಮೇಲೆ ಐದರವರೆಗೆ ಹಳ್ಳಿ ಪೂರ್ತಿ ಮಲಗಿರುತ್ತೆ, ಒಂದು ಸದ್ದೂ ಇರೋದಿಲ್ಲ. ಬರೆಯೋಕೆ ಅದೇ ಸರಿಯಾದ ಹೊತ್ತು.

ಸಸ್ಯಾಹಾರಿ ಅಂತ ಬೇರೆ ಬರೆದಿದ್ದೀರಿ. ಚಿಂತೆ ಬೇಡ, ತರಕಾರಿಯನ್ನು ಆಲಿವ್ ಎಣ್ಣೆಯಲ್ಲಿ ನಿಧಾನಕ್ಕೆ ಬೇಯಿಸುವ ಲದೇರಾ ಅನ್ನೋ ಅಡುಗೆಗಳು ಬೇಕಾದಷ್ಟಿವೆ. ಹುರುಳಿಕಾಯಿ, ದೊಡ್ಡ ಬಿಳಿ ಬೀನ್ಸ್, ಬದನೆಕಾಯಿ, ಎಲ್ಲ ಸಿಗುತ್ತೆ. ಉಪವಾಸದ ಅಡುಗೆಗೆ ನಿಸ್ತೀಸಿಮೊ ಅಂತಾರೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರೋದಿಲ್ಲ. ಆದರೆ ಆಕ್ಟೋಪಸ್, ಸ್ಕ್ವಿಡ್, ಸೀಗಡಿ ಅವರ ಉಪವಾಸಕ್ಕೆ ನಡೆಯುತ್ತೆ. ಹಾಗಾಗಿ ಅದೂ ಬೇಡ ಅಂತ ಬಿಡಿಸಿ ಹೇಳಲೇಬೇಕು.

ವೀಸಾ ವಿಷಯ ಚಿಕ್ಕದಾಗಿ ಹೇಳ್ತೀನಿ. ಇಟಲಿ, ಗ್ರೀಸ್ ಎರಡೂ ಶೆಂಗೆನ್ ದೇಶಗಳು, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಗುಂಪಿನವು. ಎರಡಕ್ಕೂ ಹೋಗೋದಾದರೆ ಜಾಸ್ತಿ ದಿನ ಎಲ್ಲಿ ಇರ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಹಾಕಬಹುದು, ಕೊನೇಪಕ್ಷ 15 ದಿನ ಮುಂಚೆಯಾದರೂ ಹಾಕಿರಬೇಕು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಕೊಡುವ ವಿಮೆ ಬೇಕು. ವೀಸಾ ಸಿಗದಿದ್ದರೆ ಎಷ್ಟು ಹಣ ವಾಪಸ್ ಕೊಡ್ತೀರಿ ಅಂತ ರಿಟ್ರೀಟ್‌ನವರಿಂದ ಬರವಣಿಗೆಯಲ್ಲೇ ತಗೊಳ್ಳಿ, ಪೂರ್ತಿ ಹಣ ಕಟ್ಟೋದು ಆಮೇಲೆ.