ಹಳೇ ಸಾಮಾನು ಖಾಲಿ ಮಾಡೋವಾಗ ಬೇಕಾಗೋ ಸ್ಪ್ಯಾನಿಷ್ ಮಾತು ಬೇಗ ಕಲಿಯೋದು ಹೇಗೆ?

ಮೊದ್ಲು ಮೂರು ಕ್ರಿಯಾಪದ ಕಲೀರಿ ಸಾಕು, ತಿರಾರ್ ಅಂದ್ರೆ ಬಿಸಾಕೋದು, ಗ್ವಾರ್ದಾರ್ ಅಂದ್ರೆ ಎತ್ತಿಡೋದು, ದೊನಾರ್ ಅಂದ್ರೆ ದಾನ ಕೊಡೋದು (ನಮ್ಮ 'ದಾನ'ಕ್ಕೂ ಇದಕ್ಕೂ ದೂರದ ನೆಂಟಸ್ತನ ಇದೆ, ಮರೆಯೋದೇ ಇಲ್ಲ). ಮೂರೇ ಯಾಕೆ ಸಾಕು ಅಂದ್ರೆ, ಸ್ಪ್ಯಾನಿಷಲ್ಲಿ ಆಜ್ಞೆ ಕೊಡೋವಾಗ 'ಅದನ್ನ' ಅನ್ನೋ ಪದ ಕ್ರಿಯಾಪದದ ಬಾಲಕ್ಕೇ ಅಂಟ್ಕೊಳ್ಳುತ್ತೆ, ವಸ್ತುವಿನ ಹೆಸರು ಗೊತ್ತಿಲ್ದಿದ್ರೂ ಕೈ ತೋರಿಸಿ 'ತೀರೆಲೊ' ಅಂದ್ರೆ 'ಅದನ್ನ ಬಿಸಾಕಿ' ಅಂತಾಯ್ತು. ಅಲ್ಲಿ ವಸ್ತುಗಳಿಗೂ ಲಿಂಗ ಇದೆ, ಪುಸ್ತಕ 'ಲಿಬ್ರೊ' ಪುಲ್ಲಿಂಗ ಹಾಗಾಗಿ ತೀರೆಲೊ, ಪೆಟ್ಟಿಗೆ 'ಕಾಹಾ' ಸ್ತ್ರೀಲಿಂಗ ಹಾಗಾಗಿ ತೀರೆಲಾ.

ಬೇಡ ಅನ್ನೋವಾಗ ಮಾತ್ರ ಹುಷಾರು, ಆ ಬಾಲ ಮುಂದಕ್ಕೆ ಬರುತ್ತೆ: 'ನೊ ಲೊ ತೀರೆ', ಬಿಸಾಕಬೇಡಿ. ಅಜ್ಜಿ ಕಾಲದ ತಟ್ಟೆ ಕಸದ ಚೀಲದೊಳಗೆ ಇಳೀತಿರೋವಾಗ ಇದು ತಟ್ಟನೆ ಬಾಯಿಗೆ ಬರ್ಬೇಕು, ಇದನ್ನೇ ಮೊದ್ಲು ಬಾಯಿಪಾಠ ಮಾಡಿ ಅಂತೀನಿ.

ಇವೆಲ್ಲ ಬಹುವಚನ ಕೊಟ್ಟು ಮಾತಾಡೋ ರೂಪ, ಕೆಲಸಕ್ಕೆ ಬಂದೋರ ಜೊತೆ ಹೀಗೇ ಮಾತಾಡಿ, ಮನೆ ಮಕ್ಕಳಿಗಾದ್ರೆ 'ತೀರಲೊ' ಸಾಕು. ಕೊಲಂಬಿಯಾ, ಪೆರು ಕಡೆಯೋರು ತಿರಾರ್ ಬದ್ಲು ಹೆಚ್ಚಾಗಿ ಬೊತಾರ್ ಅಂತಾರೆ.